ಲಕ್ಕದೀವ, ಅಮಿನ್‌ದೀವಿ, ಮಲಿಕು: ಲಕ್ಷದ್ವೀಪ ಎಂಬ ಒಂದು ಹೆಸರಿನೊಳಗೆ ಏನೇನಿದೆ

1973ರ ನವೆಂಬರ್ 1 ಅಂದರೆ ನಮಗೆ ಮೈಸೂರು ರಾಜ್ಯ ಕರ್ನಾಟಕವಾದ ದಿನ. ಅದೇ ದಿನ ನಮ್ಮ ಕರಾವಳಿಯ ಎದುರಿನ ಕಡಲಲ್ಲಿ ಇನ್ನೊಂದು ಹೆಸರೂ ಬದಲಾಯಿತು. 'ಲಕ್ಕದೀವ, ಮಿನಿಕಾಯ್ ಮತ್ತು ಅಮಿನ್‌ದೀವಿ ದ್ವೀಪಗಳು' ಎಂಬ ಉದ್ದನೆಯ ಹೆಸರಿನ ಕೇಂದ್ರಾಡಳಿತ ಪ್ರದೇಶ ಅಂದಿನಿಂದ 'ಲಕ್ಷದ್ವೀಪ' ಆಯಿತು. ಎರಡಕ್ಕೂ ಸಂಸತ್ತು ಅದೇ ವರ್ಷ ಬೇರೆ ಬೇರೆ ಹೆಸರು ಬದಲಾವಣೆ ಕಾಯ್ದೆ ಮಾಡಿತ್ತು. ನಮ್ಮಲ್ಲಿ ಒಂದು ಹೆಸರು ಹೋಗಿ ಒಂದು ಹೆಸರು ಬಂತು. ಅಲ್ಲಿ ಮೂರು ಹೋಗಿ ಒಂದು ಬಂತು. ಆ ಮೂರರಲ್ಲಿ ಒಂದು, ಅಮಿನ್‌ದೀವಿ, 1956ರ ಅಕ್ಟೋಬರ್ 31ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಏನೇನು ಸೇರುತ್ತದೆ ಎಂದು ಹೇಳುವ ಸೆಕ್ಷನ್ 7ರಲ್ಲಿ ಅದರ ಹೆಸರಿದೆ: ಕಾಸರಗೋಡು ತಾಲ್ಲೂಕು ಮತ್ತು ಅಮಿನ್‌ದೀವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ ಜಿಲ್ಲೆ. ಕಾಸರಗೋಡಿನ ಬಗ್ಗೆ ನಾವು ಇವತ್ತಿಗೂ ಮಾತಾಡುತ್ತೇವೆ. ಅದೇ ಸಾಲಿನ ಇನ್ನೊಂದು ಹೆಸರು ನಮ್ಮ ನೆನಪಿನಿಂದಲೇ ಜಾರಿದೆ.

ಊರು, ದ್ವೀಪಗಳ ಹೆಸರು ಬದಲಿಸುವುದು ಈಗ ಮತ್ತೆ ಬಿಸಿ ವಿಷಯ. ಅಂಡಮಾನಿನ ರಾಸ್, ನೀಲ್, ಹ್ಯಾವ್‌ಲಾಕ್ ದ್ವೀಪಗಳಿಗೆ 2018ರ ಡಿಸೆಂಬರ್ 30ರಂದು ಹೊಸ ಹೆಸರು ಬಂತು. 2023ರ ಜನವರಿ 23ರಂದು ಅಲ್ಲಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಡಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ 'ಶ್ರೀ ವಿಜಯಪುರಂ' ಎನಿಸಿಕೊಂಡಿತು. ಕೇರಳ ವಿಧಾನಸಭೆ ತನ್ನ ರಾಜ್ಯದ ಹೆಸರು 'ಕೇರಳಂ' ಆಗಲಿ ಎಂದು 2023ರಲ್ಲಿ ಒಮ್ಮೆ, ತಿದ್ದಿ 2024ರಲ್ಲಿ ಇನ್ನೊಮ್ಮೆ ನಿರ್ಣಯ ಮಾಡಿತು. ಪ್ರತಿ ಸಲವೂ ಕೇಳಿಬರುವ ವಾದ ಒಂದೇ: ಪರಕೀಯರು ಕೆಡಿಸಿದ ಹೆಸರನ್ನು ಸರಿಪಡಿಸುತ್ತಿದ್ದೇವೆ. ಕೆಲವು ಕಡೆ ಅದು ನಿಜ. ಆದರೆ ಲಕ್ಷದ್ವೀಪದ ಮಟ್ಟಿಗೆ ಆ ವಾದ ನಿಲ್ಲುವುದಿಲ್ಲ. ಅದು ಏಕೆಂದು ತಿಳಿಯಲು ಕನ್ನಡ ಓದುಗರಿಗೆ ಹೊರಗಿನ ನಿಘಂಟು ಬೇಕಿಲ್ಲ, ಹೈಸ್ಕೂಲಿನ ತತ್ಸಮ–ತದ್ಭವ ಪಾಠ ಸಾಕು.

ಮೊದಲು ಕಾನೂನಿನ ದಾರಿ. ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶದ ಹೆಸರು ಸಂವಿಧಾನದ ಮೊದಲ ಅನುಸೂಚಿಯಲ್ಲಿ ಇರುತ್ತದೆ. ಅದನ್ನು ಬದಲಿಸಲು 3ನೇ ವಿಧಿಯ ಪ್ರಕಾರ ಸಂಸತ್ತಿನ ಕಾಯ್ದೆ ಬೇಕು, ಸಾಮಾನ್ಯ ಬಹುಮತ ಸಾಕು. ರಾಜ್ಯವಾದರೆ ರಾಷ್ಟ್ರಪತಿಗಳು ಮಸೂದೆಯನ್ನು ಆ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳಿಸಬೇಕು. ಕೇಂದ್ರಾಡಳಿತ ಪ್ರದೇಶಕ್ಕೆ ಈ ಕಟ್ಟಳೆ ಅನ್ವಯಿಸದು ಎಂದು ಅದೇ ವಿಧಿಯ ವಿವರಣೆ ಹೇಳುತ್ತದೆ. ಹೀಗಾಗಿ ಮೈಸೂರಿನ ವಿಷಯ ವಿಧಾನಮಂಡಲದಲ್ಲಿ ಚರ್ಚೆಯಾಯಿತು, ದ್ವೀಪಗಳಿಗೆ ಅಂಥ ಹಂತವೇ ಇರಲಿಲ್ಲ. ಇನ್ನು ಒಂದು ಊರು ಅಥವಾ ಒಂದು ದ್ವೀಪದ ಹೆಸರಿಗೆ ಕಾಯ್ದೆಯೂ ಬೇಡ. ಗೃಹ ಸಚಿವಾಲಯದ ಒಪ್ಪಿಗೆ, ರೈಲ್ವೆ, ಅಂಚೆ, ಸರ್ವೆ ಇಲಾಖೆಗಳ ಆಕ್ಷೇಪಣೆ ಇಲ್ಲವೆಂಬ ಪತ್ರ, ಆಮೇಲೆ ಅಧಿಸೂಚನೆ. 2014ರಲ್ಲಿ ಬೆಂಗಳೂರು, ಮಂಗಳೂರು ಸೇರಿ ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾದದ್ದು ಈ ದಾರಿಯಲ್ಲೇ.

ಈಗ ಪದಕ್ಕೆ ಬರೋಣ, ಬಾಲದಿಂದ ಶುರುಮಾಡಿ. 'ದ್ವೀಪ' ಹೇಗಾಯಿತೆಂದು ಪಾಣಿನಿಯ ಒಂದು ಸೂತ್ರ (6.3.97) ಹೇಳುತ್ತದೆ: ದ್ವಿ, ಅಂತರ್ ಮತ್ತು ಉಪಸರ್ಗಗಳ ಮುಂದೆ ನೀರು ಎಂಬರ್ಥದ 'ಅಪ್' ಬಂದರೆ ಅದರ ಅಕಾರ ಈಕಾರವಾಗುತ್ತದೆ. ದ್ವಿ + ಅಪ್ = ದ್ವೀಪ. ಅಂತರೀಪ, ಸಮೀಪ ಕೂಡ ಇದೇ ಅಚ್ಚಿನವು. ಅಂದರೆ ಮೂಲ ಅರ್ಥ 'ಎರಡು ಬದಿಗೆ ನೀರಿರುವ ನೆಲ', ಸುತ್ತಲೂ ಕಡಲಿರಬೇಕೆಂದೇನಿಲ್ಲ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿರುವ ಶ್ರೀರಂಗಪಟ್ಟಣ ಈ ವಿವರಣೆಗೆ ಹೇಳಿಮಾಡಿಸಿದಂತಿದೆ. ನಮ್ಮ ದೇಸಿ ಪದ 'ನಡುಗಡ್ಡೆ', ಕರಾವಳಿಯ 'ಕುದ್ರು' ಹೇಳುವುದೂ ಹೊಳೆಯ ನಡುವಿನ ನೆಲವನ್ನೇ. ಕುಂದಾಪುರದ ಬಳಿ ಕನ್ನಡಕುದ್ರು ಎಂಬ ಊರೇ ಇದೆ.

ಈ ದ್ವೀಪ ಶಬ್ದ ಪ್ರಾಕೃತದಲ್ಲಿ ದೀಪ, ದೀವ ಎಂದಾಯಿತು. ಮೊದಲಿನ ಒತ್ತಕ್ಷರ ಸವೆಯಿತು, ನಡುವಿನ ಪಕಾರ ವಕಾರವಾಯಿತು. ಕನ್ನಡದಲ್ಲಿ ದೀಪಿಕೆ ದೀವಿಗೆಯಾದ ಹಾಗೆ, ದೀಪಾವಳಿ ದೀವಳಿಗೆಯಾದ ಹಾಗೆ. ತಮಿಳಿನಲ್ಲಿ ಅದು ತೀವು, ಸಿಂಹಳದಲ್ಲಿ ದಿವ, ಅರಬರ ಬಾಯಲ್ಲಿ ದೀಬ. ಕ್ರಿ.ಶ. 362ರಲ್ಲಿ ರೋಮ್ ಚಕ್ರವರ್ತಿ ಜೂಲಿಯನ್ನನ ಬಳಿಗೆ ಬಂದ ದೂತರ ಪಟ್ಟಿಯಲ್ಲಿ ಅಮ್ಮಿಯಾನುಸ್ ಎಂಬ ಲ್ಯಾಟಿನ್ ಇತಿಹಾಸಕಾರ 'ದೀವಿ' ಮತ್ತು 'ಸೆರೆಂದೀವಿ' ಎಂಬ ಎರಡು ಜನಾಂಗಗಳನ್ನು ಹೆಸರಿಸುತ್ತಾನೆ. ಎರಡನೆಯದು ಸಿಂಹಳದ್ವೀಪದವರು. ಮೊದಲನೆಯದಕ್ಕೆ ವಿಶೇಷಣವೇ ಇಲ್ಲ, ಬರೀ 'ದ್ವೀಪದವರು'. ಗುಜರಾತಿನ ಪಕ್ಕದ ದೀವ್, ಗೋವೆಯ ಮಾಂಡೋವಿ ನದಿಯ ದಿವಾಡಿ, ಮಾಲ್ದೀವ್, ಅಮಿನ್‌ದೀವಿ ಎಲ್ಲ ಇದೇ ಬಳಗ. ಮಾಲ್ದೀವಿನವರು ತಮ್ಮನ್ನು ಮತ್ತು ತಮ್ಮ ನುಡಿಯನ್ನು ಕರೆದುಕೊಳ್ಳುವ 'ದಿವೆಹಿ' ಎಂಬ ಪದದ ಅರ್ಥವೂ ದ್ವೀಪವಾಸಿ ಎಂದೇ.

ಈ 'ದೀವಿ' ನಮ್ಮ ಅಡುಗೆಮನೆಯಲ್ಲೂ ಇದೆ. ಜೀಗುಜ್ಜೆಗೆ ಕನ್ನಡದಲ್ಲಿ ದೀವಿಹಲಸು ಎನ್ನುತ್ತಾರೆ: ಕಡಲಾಚೆಯ ದೀವಿಯಿಂದ ಬಂದ ಹಲಸು. ತುಳುವಿನಲ್ಲಿ ಗುಜ್ಜೆ ಎಂದರೆ ಎಳೆ ಹಲಸು. ದೀವಿಗುಜ್ಜೆ ದೀಗುಜ್ಜೆಯಾಗಿ, ನಾಲಗೆ ಹೊರಳಿ ಜೀಗುಜ್ಜೆಯಾಗಿದೆ. ಜೀಗುಜ್ಜೆಯ ಪೋಡಿ ಕರಿಯುವಾಗ ನಾವು ಹೇಳುವ 'ಜೀ' ಎಂಬ ಆ ಮೊದಲ ಅಕ್ಷರ ಲಕ್ಷದ್ವೀಪದ ಕೊನೆಯ ಎರಡು ಅಕ್ಷರಗಳ ಅವಶೇಷ.

ಇನ್ನು 'ಲಕ್ಷ'. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಇರುವುದು 36 ದ್ವೀಪ, ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್, ಜನವಸತಿ ಇರುವುದು 10ರಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473, ತಲೆಗಳನ್ನು ಎಣಿಸಿದರೂ ಲಕ್ಷ ಆಗುವುದಿಲ್ಲ. ಹಾಗಾದರೆ ಹೆಸರು ಸುಳ್ಳೇ? ಈ ಕಡಲಿನ ಹಳೆಯ ಎಣಿಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ಸಿಂಹಳದ ಮುಂದೆ 1,378 ದ್ವೀಪಗಳಿವೆ ಎಂದ. 851ರ ಅರಬ್ ವೃತ್ತಾಂತದಲ್ಲಿ 1,900. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಸುಮಾರು 2,000 ಎಂದ. ರಾಜರಾಜ ಚೋಳನ ಶಾಸನಗಳ ಪ್ರಶಸ್ತಿಯಲ್ಲಿ 'ಮುನ್ನೀರಿನ ಹಳೆಯ ದ್ವೀಪಗಳು ಹನ್ನೆರಡು ಸಾವಿರ' ಎಂದಿದೆ. ಮಾಲ್ದೀವಿನ ಸುಲ್ತಾನರ ಬಿರುದಿನಲ್ಲೂ 'ಹದಿಮೂರು ಸೀಮೆ, ಹನ್ನೆರಡು ಸಾವಿರ ದ್ವೀಪಗಳ ಒಡೆಯ' ಎಂದಿತ್ತು. ಇವರು ಯಾರೂ ಇವತ್ತಿನ ಲಕ್ಷದ್ವೀಪವನ್ನು ಪ್ರತ್ಯೇಕವಾಗಿ ಎಣಿಸುತ್ತಿರಲಿಲ್ಲ. ನಾವಿಕನ ಕಣ್ಣಿಗೆ ಉತ್ತರದ ಚೆತ್ಲಾತ್‌ನಿಂದ ಭೂಮಧ್ಯರೇಖೆಯಾಚೆ ಮಾಲ್ದೀವಿನ ತೆಂಕಣ ತುದಿಯ ಅಡ್ಡುವರೆಗೆ ಒಂದೇ ಸರ. ಆ ಸರಕ್ಕೆ ಸಾವಿರ, ಹನ್ನೆರಡು ಸಾವಿರ, ಲಕ್ಷ ಎಂಬ ಸಂಖ್ಯೆಗಳು 'ಎಣಿಸಲಾಗದಷ್ಟು' ಎಂಬ ಅರ್ಥದಲ್ಲಿ ಅಂಟಿಕೊಂಡವು. ನಾವು 'ಸಾವಿರ ಸಲ ಹೇಳಿದ್ದೇನೆ' ಎನ್ನುವಾಗ ಲೆಕ್ಕ ಇಟ್ಟಿರುತ್ತೇವೆಯೇ? ಸಂಸ್ಕೃತದಲ್ಲಿ ಲಕ್ಷ ಎಂದರೆ ಗುರುತು, ಗುರಿ ಎಂಬ ಅರ್ಥವೂ ಇರುವುದರಿಂದ ಇದು ಹಡಗಿನವರ 'ಗುರುತಿನ ದ್ವೀಪ' ಎನ್ನುವವರೂ ಇದ್ದಾರೆ. ಅಕ್ಕಪಕ್ಕದ ಹೆಸರುಗಳೆಲ್ಲ ಎಣಿಕೆಯ ಧಾಟಿಯಲ್ಲೇ ಇರುವಾಗ ಈ ಒಂದಕ್ಕೆ ಬೇರೆ ಅರ್ಥ ಹುಡುಕುವುದು ಬಲವಂತವೆನಿಸುತ್ತದೆ.

ಈಗ 'ಕೆಡಿಸಿದ ಹೆಸರು' ಎಂಬ ವಾದ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೇ ಒಂದು ಪ್ರಕರಣವಿದೆ. ಕ್ಷಕಾರ ಕ್ಕ ಆಗುವುದು ನಮಗೆ ಚಿರಪರಿಚಿತ: ರಾಕ್ಷಸ ರಕ್ಕಸ, ಅಕ್ಷರ ಅಕ್ಕರ, ಯಕ್ಷ ಜಕ್ಕ, ಲಕ್ಷ ಲಕ್ಕ. ಲಕ್ಕ + ದೀವ = ಲಕ್ಕದೀವ. ಇಲ್ಲಿ ಯಾವ ತುಂಡೂ ಇಂಗ್ಲಿಷಿನದಲ್ಲ. ಎರಡೂ ಪ್ರಾಕೃತದ ನಿಯಮಬದ್ಧ ರೂಪಗಳು, ನಮ್ಮ ವ್ಯಾಕರಣದ ಮಾತಿನಲ್ಲಿ ಅಚ್ಚ ತದ್ಭವಗಳು. ಪೋರ್ಚುಗೀಸರೂ ಇಂಗ್ಲಿಷರೂ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಕಿವಿಗೆ ಬಿದ್ದದ್ದನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡರು, ಕೊನೆಗೊಂದು ಬಹುವಚನದ ಸಕಾರ ಸೇರಿಸಿದರು. 1973ರಲ್ಲಿ ಆದದ್ದು ಆಡುರೂಪವೊಂದನ್ನು ಸಂಸ್ಕೃತರೂಪಕ್ಕೆ ಏರಿಸುವ ಕೆಲಸ. ಅದು ತಪ್ಪೇನಲ್ಲ, ಮಲಯಾಳದಲ್ಲಿ ಈ ರೂಪ ಚೆನ್ನಾಗಿಯೇ ಹೊಂದುತ್ತದೆ. ಆದರೆ ರಕ್ಕಸ ಎಂಬುದನ್ನು ರಾಕ್ಷಸ ಎಂದು ತಿದ್ದಿದವರು 'ಪರಕೀಯರ ಕುರುಹು ಅಳಿಸಿದೆವು' ಎನ್ನಬಾರದು.

ಇದಕ್ಕಿಂತಲೂ ಹಳೆಯ ಇನ್ನೊಂದು ಬಗೆಯ ಹೆಸರಿದೆ, ಸರಕಿನ ಹೆಸರು. ಹನ್ನೊಂದನೇ ಶತಮಾನದ ವಿದ್ವಾಂಸ ಅಲ್ ಬೀರೂನಿ ಈ ದ್ವೀಪಗಳನ್ನು ಎರಡು ಗುಂಪು ಮಾಡುತ್ತಾನೆ: ಕವಡೆಯ ದೀವ ಮತ್ತು 'ದೀವ ಕನ್‌ಬಾರ್'. ಕನ್‌ಬಾರ್ ಎಂದರೆ ತೆಂಗಿನ ನಾರಿನ ಹುರಿ, ನಮ್ಮ ಕರಾವಳಿಯವರ ಕತ್ತದ ಹಗ್ಗ. ತೆಂಗಿನ ಗರಿಗಳನ್ನು ಕಡಲಲ್ಲಿ ನೆಟ್ಟರೆ ಕವಡೆ ಅದಕ್ಕೆ ಹತ್ತಿಕೊಳ್ಳುತ್ತದೆ, ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಾರೆ ಎಂದೂ ಬರೆದಿದ್ದಾನೆ. ಎರಡನೇ ಗುಂಪನ್ನು ಸಾಮಾನ್ಯವಾಗಿ ಇಂದಿನ ಲಕ್ಷದ್ವೀಪವೆಂದೇ ಗುರುತಿಸುತ್ತಾರೆ. ಮೊಳೆಯಿಲ್ಲದೆ ಹೊಲಿದ ಹಡಗುಗಳ ಕಾಲದಲ್ಲಿ ಈ ಹುರಿ ಇಲ್ಲದೆ ಅರಬ್ ವ್ಯಾಪಾರವೇ ನಡೆಯುತ್ತಿರಲಿಲ್ಲ.

ಮಂಗಳೂರಿನ ನಂಟು ಬೆಳೆದದ್ದೂ ಈ ಹುರಿಯಿಂದ. ದ್ವೀಪಗಳು ಕಣ್ಣೂರಿನ ಅರಸುಮನೆತನವಾದ ಅರಕ್ಕಲ್‌ನ ರಾಣಿ, ಅಂದರೆ ಅರಕ್ಕಲ್ ಬೀಬಿಯ ಕೈಯಲ್ಲಿದ್ದವು. ಅವರ ಆಡಳಿತ ಸಾಕಾಗಿ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಈ ಐದು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋಗಿ, ಕೆನರಾ ಕಲೆಕ್ಟರರ ಅಡಿ ಮಂಗಳೂರಿನಿಂದಲೇ ಆಳಿಸಿಕೊಂಡವು. ಹುರಿಯನ್ನು ಸರ್ಕಾರಕ್ಕೇ ಕೊಡಬೇಕು, ಬದಲಿಗೆ ಗೊತ್ತುಪಡಿಸಿದ ದರದಲ್ಲಿ ಅಕ್ಕಿ. ಅಮಿನಿಯಲ್ಲಿ ಕೂರುತ್ತಿದ್ದ ಅಧಿಕಾರಿಯ ಹುದ್ದೆಯ ಹೆಸರು ಮಣೆಗಾರ, ನಮ್ಮ ಕಂದಾಯದ ಪದ. ದಕ್ಷಿಣದ ಅಗತ್ತಿ, ಕವರತ್ತಿ, ಆಂದ್ರೋತ್, ಕಲ್ಪೇನಿಗಳು ಅರಕ್ಕಲ್ ಮನೆಯಲ್ಲೇ ಉಳಿದು, ಮುಂದೆ ಮಿನಿಕಾಯ್ ಜತೆಗೆ ಮಲಬಾರ್ ಜಿಲ್ಲೆಗೆ ಸೇರಿದವು. 1956ರ ಉದ್ದನೆಯ ಹೆಸರಿನಲ್ಲಿದ್ದ ಮೂರು ತುಂಡುಗಳ ಹಿಂದೆ ಹೀಗೆ ಬೇರೆ ಬೇರೆ ಕಚೇರಿ, ಬೇರೆ ತೆರಿಗೆ, ಬೇರೆ ದಾಖಲೆಗಳಿದ್ದವು. ಹಳೆಯ ಕಡತ ಹುಡುಕುವವರು ಇದನ್ನು ನೆನಪಿಡಬೇಕು: 1956ಕ್ಕೆ ಹಿಂದಿನ ಕಿಲ್ತಾನಿನ ಕಾಗದವನ್ನು ಮಲಬಾರಿನ ದಫ್ತರದಲ್ಲಿ 'ಲಕ್ಷದ್ವೀಪ' ಎಂಬ ಹೆಸರಿನಡಿ ಹುಡುಕಿದರೆ ಸಿಗದು. ಅದನ್ನು ದಕ್ಷಿಣ ಕೆನರಾದ ಕಡತಗಳಲ್ಲಿ, ಅಮಿನ್‌ದೀವಿ ಎಂಬ ತಲೆಬರಹದಡಿ ನೋಡಬೇಕು.

ಮೂರನೆಯ ತುಂಡು ಮಿನಿಕಾಯ್, ಅದರ ಕಥೆ ಪೂರ್ತಿ ಬೇರೆ. ಕಲ್ಪೇನಿಯಿಂದ ಸುಮಾರು 200 ಕಿಲೋಮೀಟರ್ ತೆಂಕಕ್ಕೆ, ಒಂಬತ್ತು ಡಿಗ್ರಿ ಕಾಲುವೆ ಎಂಬ ಕಡಲಹಾದಿಯಾಚೆ ಅದಿದೆ. ಅಲ್ಲಿನವರು ಅದನ್ನು ಮಲಿಕು ಎನ್ನುತ್ತಾರೆ. ಅವರ ನುಡಿ ಮಾಲ್ದೀವಿನ ದಿವೆಹಿಯ ಒಂದು ಬಗೆ, ಸರ್ಕಾರಿ ಬರಹದಲ್ಲಿ ಮಹಲ್. ಈ ಮಹಲ್ ಎಂಬುದು ಹೊರಗಿನವರು ಇಟ್ಟ ಹೆಸರು. ಇಬ್ನ್ ಬತೂತ ಮಾಲ್ದೀವನ್ನು 'ದೀಬತ್ ಅಲ್ ಮಹಲ್' ಎಂದಿದ್ದ, ಮಾಲೆ ಎಂಬ ಊರಿನ ಹೆಸರು ಅರಬ್ ಕಿವಿಗೆ ಅರಮನೆ ಎಂಬರ್ಥದ ಮಹಲ್ ಆಗಿ ಕೇಳಿಸಿತ್ತು. ನಕಾಶೆಯಲ್ಲಿ ಎಂಟು ಡಿಗ್ರಿ ಕಾಲುವೆ ಎಂದಿರುವ ನೀರನ್ನು ದಿವೆಹಿಯಲ್ಲಿ ಮಲಿಕು ಕಂಡು ಎನ್ನುತ್ತಾರೆ, ಮಲಿಕುವಿನ ಕಡಲು. ಒಂದು ಹೆಸರು ಅಕ್ಷಾಂಶದ ಅಂಕಿ, ಇನ್ನೊಂದು ಆಚೆ ದಡದ ನೆಂಟರ ಊರು. 1976ರ ಒಪ್ಪಂದದ ಕಡಲಗಡಿ ಈ ನೀರಿನ ನಡುವೆಯೇ ಹಾದುಹೋಗುತ್ತದೆ. ಉಂಗುರದಂಥ ಹವಳದ ದ್ವೀಪಕ್ಕೆ ಜಗತ್ತಿನ ಭೂಗೋಳ ಪುಸ್ತಕಗಳೆಲ್ಲ ಬಳಸುವ 'ಅಟಾಲ್' ಎಂಬ ಪದ ದಿವೆಹಿಯ ಕೊಡುಗೆ ಎಂಬುದನ್ನೂ ಇಲ್ಲೇ ಹೇಳಬೇಕು. ಇಂಥ ನುಡಿಯನ್ನು ಶಾಲೆಯ ಮೂರನೇ ಭಾಷೆಯ ಜಾಗದಿಂದ ತೆಗೆದು ಹಿಂದಿ ತರುವ ಆದೇಶ 2025ರ ಮೇ ತಿಂಗಳಲ್ಲಿ ಬಂತು. ಜೂನ್‌ನಲ್ಲಿ ಕೇರಳ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೆಸರಿನಿಂದ ಮಿನಿಕಾಯ್ ಕೈಬಿಟ್ಟದ್ದಕ್ಕೂ ಶಾಲೆಯಿಂದ ಮಹಲ್ ಕೈಬಿಡಲು ಹೊರಟದ್ದಕ್ಕೂ ನೇರ ಕೊಂಡಿ ಇದೆ ಎನ್ನಲಾಗದು. ಆದರೆ ಮಲಯಾಳ ಮೂಲದ ಜೆಸರಿ ಆಡುವ ಒಂಬತ್ತು ದ್ವೀಪಗಳ ಜತೆ ಬೇರೆ ನುಡಿಯ ಹತ್ತನೆಯದೊಂದು ಇದೆ ಎಂಬುದನ್ನು ಹಳೆಯ ಹೆಸರು ಪ್ರತಿ ಸಲವೂ ನೆನಪಿಸುತ್ತಿತ್ತು. ಅಂದಹಾಗೆ ಜೆಸರಿ ಎಂಬುದೂ ದ್ವೀಪವೇ. ಅರಬಿಯ ಜಜೀರಾದಿಂದ ಬಂದ ಪದ, ಮುರುಡದ ಜಂಜೀರಾ ಕೋಟೆಯ ಅಕ್ಕತಂಗಿ.

ಹೊರಗಿನವರು ಇಡೀ ಸಮೂಹಕ್ಕೆ ಎಣಿಕೆಯ, ಸರಕಿನ ಹೆಸರಿಟ್ಟರೆ, ದ್ವೀಪದವರು ನೆಲದ ಗುಣ ನೋಡಿ ಹೆಸರಿಟ್ಟಿದ್ದಾರೆ. ಮರಗಿಡ ಹಿಡಿದ, ನಿಲ್ಲಬಹುದಾದ ನೆಲ 'ಕರ': ಸುಹೇಲಿಯ ವಲಿಯಕರ, ಚೆರಿಯಕರ, ಬಂಗಾರಂ ಪಕ್ಕದ ತಿನ್ನಕರ. ಬರಿಯ ಮರಳ ದಿಬ್ಬ 'ಪಿಟ್ಟಿ': ಕಡಲಹಕ್ಕಿಗಳು ಮೊಟ್ಟೆಯಿಡುವ ಪಕ್ಷಿಪಿಟ್ಟಿ. ನೀರಿನ ಮಟ್ಟದಲ್ಲೇ ಇರುವ ಹವಳದ ಬಂಡೆಸಾಲು 'ಪಾರ್': ಪೆರುಮಾಳ್ ಪಾರ್. ಈ ವರ್ಗೀಕರಣ ಗೊತ್ತಿದ್ದರೆ ಹೆಸರು ಓದಿಯೇ ದೋಣಿ ಎಲ್ಲಿ ಹತ್ತಿಸಬಹುದು, ಎಲ್ಲಿ ಒಡೆಯುತ್ತದೆ ಎಂದು ಅರ್ಧ ತಿಳಿಯುತ್ತದೆ. ಪಿಟ್ಟಿ ಬೆಳೆದು ಕರ ಆಗಬಹುದು, ಕರ ಕೊರೆದು ಪಿಟ್ಟಿಯಾಗಬಹುದು. ಬಂಗಾರಂ ಹವಳವಲಯದ ಪರಲಿ–1 ಪೂರ್ತಿ ಕೊರೆದುಹೋಗಿದೆ ಎಂದು 2017ರಲ್ಲಿ ವರದಿಯಾಯಿತು. 36 ಎಂಬ ಅಂಕಿಯೂ ಲಕ್ಷದಷ್ಟಲ್ಲದಿದ್ದರೂ ಸ್ವಲ್ಪ ಅಲುಗಾಡುವಂಥದ್ದೇ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಪ್ರಾಯೋಗಿಕ ತೊಂದರೆ ಇದೆ. ರೋಮನ್ ಲಿಪಿಯಲ್ಲಿ ತ್ತ ಮತ್ತು ಟ್ಟ ಎರಡಕ್ಕೂ ಒಂದೇ ಗುರುತು. ಹಾಗಾಗಿ ರಾಜಧಾನಿ ಕವರತ್ತಿ ನಮ್ಮ ಬರಹಗಳಲ್ಲಿ 'ಕವರಟ್ಟಿ', ವಿಮಾನ ಇಳಿಯುವ ಅಗತ್ತಿ 'ಅಗಟ್ಟಿ' ಆಗುತ್ತವೆ. ಮಲಯಾಳದಲ್ಲಿ ಎರಡಕ್ಕೂ ತಕಾರವೇ. ಕಡಮತ್‌ನಲ್ಲಿ ಡಕಾರದ ಮೇಲೆ ಅಕಾರವಿದೆ, 'ಕದ್ಮತ್' ಅಲ್ಲ. ಆಂದ್ರೋತ್ 'ಆಂಡ್ರಾಟ್' ಅಲ್ಲ. ಇಂಗ್ಲಿಷ್ ಕಾಗುಣಿತದಿಂದ ಕನ್ನಡಕ್ಕೆ ತರುವ ಬದಲು ಮಲಯಾಳ ಫಲಕವನ್ನು ನೋಡಿ ಕನ್ನಡಕ್ಕೆ ಇಳಿಸಿದರೆ ಇಂಥ ತಪ್ಪುಗಳು ಬಹುಮಟ್ಟಿಗೆ ತಪ್ಪುತ್ತವೆ, ಎರಡೂ ಲಿಪಿಗಳ ವರ್ಣಮಾಲೆ ಸಾಲುಸಾಲಾಗಿ ಹೊಂದುತ್ತದೆ.

ಹೆಸರಿನ ಮೂಲ ಹುಡುಕುವಾಗಲೂ ಇಂಥದೇ ಶಿಸ್ತು ಬೇಕು. ಮೊದಲು ಸಿಗುವ ಅತಿ ಹಳೆಯ ಬರಹರೂಪ ನೋಡಬೇಕು, ಆಮೇಲೆ ಆ ರೂಪದಿಂದ ಇಂದಿನದಕ್ಕೆ ಬರುವ ಧ್ವನಿ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ ಎಂದು ಪರೀಕ್ಷಿಸಬೇಕು, ಕೊನೆಗೆ ನೆಲ ಅದನ್ನು ಒಪ್ಪುತ್ತದೆಯೇ ಎಂದು. ಕಾರವಾರದೆದುರಿನ ಅಂಜದೀವ್ ಒಳ್ಳೆಯ ಪರೀಕ್ಷೆ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಅಲ್ಲಿ ತಂಗಿದ್ದವು. ಮಲಯಾಳ, ತಮಿಳಿನ 'ಅಂಜು', ಅಂದರೆ ಐದು ದ್ವೀಪ ಎಂಬುದು ಒಂದು ವಿವರಣೆ. ಅಲ್ಲಿದ್ದು ಅಂಕೋಲೆಗೆ ಬಂದಳೆನ್ನುವ ಆರ್ಯಾದುರ್ಗೆಯ ಹೆಸರಿನಿಂದ ಬಂತೆಂಬುದು ಇನ್ನೊಂದು. ಮೊದಲನೆಯದರಲ್ಲಿ ಧ್ವನಿ ಸಲೀಸು, ಸುತ್ತಮುತ್ತ ಇನ್ನೂ ಕೆಲವು ಪುಟ್ಟ ದ್ವೀಪಗಳಿರುವುದರಿಂದ ನೆಲವೂ ಒಪ್ಪಬಹುದು. ಆದರೆ ಕೊಂಕಣಿ, ಕನ್ನಡ ಆಡುವ ಕರಾವಳಿಗೆ ಆ ಸಂಖ್ಯಾಪದ ತೆಂಕಣ ನಾವಿಕರಿಂದ ಬಂದಿರಬೇಕಾಗುತ್ತದೆ. ಎರಡನೆಯದಕ್ಕೆ ಊರಿನ ನಂಬಿಕೆಯ ಬಲವಿದೆ, ಆರ್ಯಾ ಎಂಬುದು ಅಂಜ ಆಗುವ ಹಾದಿ ಕಷ್ಟದ್ದು. ಬಾಲದ 'ದೀವ್' ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಅಂಜದೀವ್‌ನಿಂದ ಸ್ವಲ್ಪ ಬಡಗಣಕ್ಕೆ, ಕಾಳಿ ನದಿಯ ಅಳಿವೆಯ ಮೇಲೆ ಸದಾಶಿವಗಡದ ದೀಪಸ್ತಂಭವಿದೆ. ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ 1953ರಲ್ಲಿ ಪ್ರಕಟಿಸಿದ ಕಡಲಗಡಿಗಳ ಪ್ರಕಾರ 'ಲಕ್ಕದೀವ ಸಮುದ್ರ'ದ ಗಡಿ ಶುರುವಾಗುವುದು ಅಲ್ಲಿಂದ. ಅಲ್ಲಿಂದ ಕೋರಾ ದೀವ್ ಎಂಬ ಮುಳುಗಿದ ದಿಬ್ಬಕ್ಕೆ, ಅಲ್ಲಿಂದ ದ್ವೀಪಸರದ ಪಡುವಣ ಅಂಚಿನಗುಂಟ ಅಡ್ಡುವರೆಗೆ ಗೆರೆ ಹೋಗುತ್ತದೆ. ಅಂದರೆ ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಹೆಚ್ಚುಕಡಿಮೆ ಇಡೀ ಕರಾವಳಿಗೆ ತಾಗುವ ನೀರಿನ ಹೆಸರು ನಾವಿಕರ ನಕಾಶೆಯಲ್ಲಿ ಅರಬ್ಬಿ ಸಮುದ್ರವಲ್ಲ. 1973ರಲ್ಲಿ ನೆಲದ ಮೇಲಿಂದ ತೆಗೆದ ತದ್ಭವ, ಮಲ್ಪೆಯ ದೋಣಿಗಳು ಇಳಿಯುವ ನೀರಿನ ಮೇಲೆ ಇನ್ನೂ ಹಾಗೆಯೇ ಇದೆ.